ಬೆನ್ನು ತಿಕ್ಕುವ ಕೈ, ಜೇಬು ತಡವುವ ಕೈ

ಕೆಲವು ತಿಂಗಳ ಹಿಂದೆ ಭರಮಸಾಗರದ ಒಂದು ಸಭಾಂಗಣದ ಮುಂದೆ ಬೆಳಿಗ್ಗೆ ಆರು ಗಂಟೆಗೇ ಚಪ್ಪಲಿಗಳ ರಾಶಿ ಬೀಳುತ್ತಿತ್ತು. ನ್ಯಾಯಬೆಲೆ ಅಂಗಡಿಯ ಮುಂದೆಯೂ ಅಷ್ಟು ಉದ್ದದ ಸಾಲನ್ನು ನಾನು ಕಂಡಿಲ್ಲ. ಒಳಗೆ ಕುರ್ಚಿಗಳು, ಪ್ರತಿ ಕುರ್ಚಿಯ ಮುಂದೆ ನೆಲದ ಮೇಲೊಂದು ಯಂತ್ರ. ಅದರ ಮೇಲೆ ಬರಿಗಾಲಿಟ್ಟು ಅರ್ಧ ಗಂಟೆ ಕುಳಿತರೆ ಅಂಗಾಲಿನಿಂದ ಮಂಡಿಯವರೆಗೆ ಜುಮುಜುಮು. ಹದಿನೈದು ದಿನ ಪೂರ್ತಿ ಉಚಿತ. ಬಂದವರು ಯಾರು? ರಾಶಿ ತೂರಿ ಸೊಂಟ ಹಿಡಿದವರು, ಚೀಲ ಹೊತ್ತು ಭುಜ ಬಿದ್ದವರು, ದಾವಣಗೆರೆಯ ಗಿರಣಿಗಳಲ್ಲಿ ಮೂವತ್ತು ವರ್ಷ ನಿಂತು ದುಡಿದು ಮಂಡಿ ಸವೆಸಿಕೊಂಡವರು, ಬೆಳಗಿನಿಂದ ರಾತ್ರಿ ಒಂಬತ್ತರವರೆಗೆ ಕಿರಾಣಿ ಅಂಗಡಿಯಲ್ಲಿ ನಿಂತೇ ಇರುವವರು. ಒಟ್ಟಿನಲ್ಲಿ ನಮ್ಮ ವಾಚಕರೇ.

ಸಾಲಿನಲ್ಲಿದ್ದ ಒಬ್ಬ ಹಮಾಲರನ್ನು, "ಏನಣ್ಣ, ಏನಾರ ಗುಣ ಕಾಣ್ತಾ?" ಎಂದು ಕೇಳಿದೆ.

"ಗುಣ ಗಿಣ ನನಗೆ ತಿಳೀದಣ್ಣ. ಅರ್ಧ ಗಂಟೆ ಯಾರೂ ಕೂಗದಂಗೆ ಕುಂತ್ಕಂಡಿರಾಕೆ ಸಿಗ್ತತಲ್ಲ, ಅದೇ ಸುಖ" ಎಂದರು.

ಆ ಮಾತನ್ನು ನಾನು ಇಂದಿಗೂ ಮರೆತಿಲ್ಲ. ದುಡಿಯುವವನಿಗೆ ಅರ್ಧ ಗಂಟೆ ಕೂರುವುದಕ್ಕೂ ಒಂದು ಚಿಕಿತ್ಸೆಯ ನೆಪ ಬೇಕಾಗಿದೆ.

ಹದಿನೈದನೆಯ ದಿನ ನಡೆದದ್ದನ್ನು ಹೇಳುವ ಮೊದಲು ಅವರು ಹಂಚಿದ ಕರಪತ್ರದ ಮಾತು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಲಕ್ವ, ಸಂಧಿವಾತ, ಮಂಡಿನೋವು, ನಿದ್ರಾಹೀನತೆ ಎಲ್ಲವೂ ಔಷಧಿಯಿಲ್ಲದೆ ಗುಣವಾಗುತ್ತವೆಂದು ಅದರಲ್ಲಿ ಅಚ್ಚಾಗಿತ್ತು. 1954ರಲ್ಲಿ ಪಾರ್ಲಿಮೆಂಟು ಒಂದು ಕಾನೂನು ಮಾಡಿದೆ. ಔಷಧಿ ಮತ್ತು ಮಾಂತ್ರಿಕ ಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತುಗಳನ್ನು ತಡೆಯುವ ಕಾನೂನು ಅದು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಲಕ್ವ, ಸಂಧಿವಾತ ಇವುಗಳನ್ನು ಗುಣಪಡಿಸುತ್ತೇವೆಂದು ಜಾಹೀರು ಮಾಡುವಂತಿಲ್ಲವೆಂದು ಅದರ ಪಟ್ಟಿಯಲ್ಲಿ ಹೆಸರು ಹೆಸರಾಗಿ ಬರೆದಿದೆ. ಎಪ್ಪತ್ತು ವರ್ಷ ದಾಟಿದ ಕಾನೂನು, ಕರಪತ್ರ ಮಾತ್ರ ಹೊಸದು.

ಹದಿನೈದನೆಯ ದಿನ ಬಂದಾಗ ಚಿಕಿತ್ಸೆ ಮುಗಿದು ವ್ಯಾಪಾರ ಮೊದಲಾಯಿತು. "ಗುಣ ಅರ್ಧಕ್ಕೆ ಬಂದಿದೆ, ಇಲ್ಲಿಗೆ ನಿಲ್ಲಿಸಿದರೆ ನೋವು ತಿರುಗಿ ಬರುತ್ತದೆ, ಮನೆಗೊಂದು ಯಂತ್ರ ಇಟ್ಟುಕೊಳ್ಳಿ" ಎಂಬ ಉಪದೇಶ. ಬೆಲೆ ಸಾವಿರಗಳ ಲೆಕ್ಕದಲ್ಲಿ. ಬೇರೆ ಊರುಗಳಲ್ಲಿ ಇದೇ ಕ್ರಮದಲ್ಲಿ ಬೆನ್ನು ಕಾಯಿಸಿ ಉರುಳುವ ಮಂಚವನ್ನು ಉಚಿತವಾಗಿ ರುಚಿ ತೋರಿಸಿ ಲಕ್ಷಕ್ಕೂ ಮೇಲೆ ಮಾರಿದ್ದಾರೆ. ಸ್ಪಿನ್ನಿಂಗ್ ಖಾತೆಯಲ್ಲಿ ದುಡಿದು ನಿವೃತ್ತರಾದ ನನ್ನ ಪರಿಚಯದ ಹಿರಿಯರೊಬ್ಬರು ಮೊಮ್ಮಗಳ ಫೀಜಿಗೆಂದು ಇಟ್ಟಿದ್ದ ಹಣವನ್ನು ಅಲ್ಲಿ ಕೊಟ್ಟರು. ಆ ಯಂತ್ರ ಈಗ ಅವರ ಅಟ್ಟದ ಮೇಲಿದೆ, ಮಂಡಿನೋವು ಮಂಡಿಯಲ್ಲೇ ಇದೆ.

ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಆ ಶಿಬಿರಕ್ಕೆ ಸಭಾಂಗಣವನ್ನು ಬಿಟ್ಟಿ ಕೊಡಿಸಿದವರು ಯಾರು? ದೀಪ ಬೆಳಗಿಸಿ, ಹಾರ ಹಾಕಿಸಿಕೊಂಡು, "ಇಂತಹ ಸಮಾಜಸೇವೆ ಇನ್ನಷ್ಟು ನಡೆಯಲಿ" ಎಂದು ಭಾಷಣ ಮಾಡಿದವರು ಯಾರು? ಎಲ್ಲ ಪಕ್ಷದವರೂ, ಎಲ್ಲ ಸಂಘದವರೂ. ನಾನೂ ಎರಡನೆಯ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದ್ದೇನೆ.

ಹಾಗಾದರೆ ಮೈ ತಿಕ್ಕಿಸಿಕೊಳ್ಳುವುದೆಲ್ಲ ಮೋಸವೇ? ಅಲ್ಲ. ನೋವಿರುವ ಕಡೆ ಒತ್ತಿದರೆ ಹಿತವಾಗುವುದು ಎಂತಹವನಿಗೂ ಗೊತ್ತಿರುವ ಸಂಗತಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2020ರಲ್ಲಿ ಲೋಕದಲ್ಲಿ ಸೊಂಟನೋವಿನಿಂದ ನರಳುತ್ತಿದ್ದವರು 61 ಕೋಟಿ 90 ಲಕ್ಷ ಜನ. ಅದೇ ಸಂಸ್ಥೆ 2023ರ ಡಿಸೆಂಬರಿನಲ್ಲಿ, ಬಹುದಿನದ ಸೊಂಟನೋವಿಗೆ ಏನು ಮಾಡಬಹುದು, ಏನು ಬೇಡ ಎಂಬ ಮಾರ್ಗದರ್ಶಿಯನ್ನು ಹೊರತಂದಿತು. ಮಾಡಬಹುದಾದ್ದರಲ್ಲಿ ವ್ಯಾಯಾಮ, ತಿಳಿವಳಿಕೆ ಹೇಳುವುದು ಮೊದಲಾದವುಗಳ ಜೊತೆಗೆ ಕೈಯಿಂದ ಮಾಡುವ ಅಂಗಮರ್ದನವೂ ಇದೆ. ಮಾಮೂಲು ಚಿಕಿತ್ಸೆಯಾಗಿ ಬೇಡವೆಂದ ಪಟ್ಟಿಯಲ್ಲಿ ಸೊಂಟದ ಪಟ್ಟಿ, ಎಳೆದು ಕಟ್ಟುವುದು, ಚರ್ಮದ ಮೇಲಿಂದ ವಿದ್ಯುತ್ತಿನ ಮಿಡಿತ ಕೊಡುವುದು ಇವೆಲ್ಲ ಬರುತ್ತವೆ. ನಮ್ಮ ಸಭಾಂಗಣಕ್ಕೆ ಬಂದ ಯಂತ್ರವೂ ವಿದ್ಯುತ್ತಿನ ಮಿಡಿತದ್ದೇ ಎಂದು ಅವರ ಕರಪತ್ರವೇ ಹೇಳುತ್ತಿತ್ತು. ಬೇಕೆಂದದ್ದು ಊರಿನಲ್ಲಿ ಬಿಟ್ಟಿ ಬಿದ್ದಿದೆ, ಬೇಡವೆಂದದ್ದಕ್ಕೆ ನಾವು ಸಾಲ ಮಾಡುತ್ತಿದ್ದೇವೆ!

ಆದರೆ ತಿಕ್ಕುವುದನ್ನೂ ಹೊಗಳಿ ಅಟ್ಟಕ್ಕೇರಿಸುವುದು ಬೇಡ. ಅದರಿಂದ ಸಿಗುವುದು ಸ್ವಲ್ಪ ದಿನದ ಉಪಶಮನ, ಬೇರು ಕೀಳುವ ಮದ್ದಲ್ಲ. 2015ರಲ್ಲಿ ಹಿಂದಿನ ಪ್ರಯೋಗಗಳನ್ನೆಲ್ಲ ಕೂಡಿಸಿ ನೋಡಿದ ಕೊಕ್ರೇನ್ ಬಳಗದವರೂ ಇಷ್ಟೇ ಹೇಳಿದರು: ನೋವು ಅಲ್ಪಕಾಲ ಇಳಿಯುತ್ತದೆ, ಅದರಾಚೆಗೆ ಭರವಸೆಯ ಪುರಾವೆಯಿಲ್ಲ.

ತಿಕ್ಕಬಾರದ ಸಂದರ್ಭಗಳೂ ಉಂಟು. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ, ಕೆಂಪಾಗಿ, ಮೀನಖಂಡ ಕಲ್ಲಿನಂತಾಗಿದ್ದರೆ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ತಿಕ್ಕಿದರೆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೇ ಅಪಾಯ. ದಿನವಿಡೀ ನಿಂತು ಕಾಲಿನ ನರ ಉಬ್ಬಿದ ಅಂಗಡಿಯವರು ಉಬ್ಬಿದ ಜಾಗವನ್ನು ಬಲವಾಗಿ ಒತ್ತಿಸಿಕೊಳ್ಳಬಾರದು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಕಾವು ಎಷ್ಟೆಂದು ತಿಳಿಯದು, ಬೊಬ್ಬೆ ಬಂದ ಮೇಲೆಯೇ ಗೊತ್ತಾಗುವುದು. ಬಿದ್ದು ಮೂಳೆ ಮುರಿದಿರುವ ಶಂಕೆಯಿದ್ದರೆ, ಜ್ವರವಿದ್ದರೆ ಕೈ ಇಡಲೇಬಾರದು. ಎಲ್ಲಕ್ಕಿಂತ ಘೋರವಾದದ್ದು ಲಕ್ವ ಹೊಡೆದವನನ್ನು ಮನೆಯಲ್ಲಿ ಮಲಗಿಸಿ ಪಾರಿವಾಳದ ರಕ್ತ ಹಚ್ಚಿ ತಿಕ್ಕುವ ಪದ್ಧತಿ. ಬಾಯಿ ವಾರೆಯಾಗಿ ಒಂದು ಕೈ ಸೋತ ಗಳಿಗೆಯಿಂದ ನಾಲ್ಕೂವರೆ ಗಂಟೆಯೊಳಗೆ ದೊಡ್ಡಾಸ್ಪತ್ರೆ ಸೇರಿದರೆ ಮಿದುಳಿನ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಧ್ಯವಾಗಬಹುದು. ಆ ಹೊತ್ತನ್ನು ಪಾರಿವಾಳ ಹಿಡಿಯುವುದರಲ್ಲಿ ಕಳೆದರೆ ಮನುಷ್ಯ ಜೀವಮಾನವಿಡೀ ಹಾಸಿಗೆ ಹಿಡಿಯುತ್ತಾನೆ. ಲಕ್ವದವರಿಗೆ ಅಂಗಸಾಧನೆ ಬೇಕು ನಿಜ, ಅದು ಆಸ್ಪತ್ರೆಯಾದ ಮೇಲಿನ ಮಾತು.

ಈ ವಿದ್ಯೆ ನಮಗೇನೂ ಹೊರಗಿನಿಂದ ಬಂದದ್ದಲ್ಲ. ದುರ್ಗದ ಕೋಟೆಯೊಳಗೆ ಗರಡಿಮನೆಯೂ ಉಂಟು, ಎಣ್ಣೆಕೊಳವೂ ಉಂಟು. ಭರಮಣ್ಣ ನಾಯಕರ ಹೆಸರು ಹೊತ್ತ ಈ ಊರಿನ ಕೆರೆಯ ಏರಿಗೆ ಮಣ್ಣು ಹೊತ್ತವರ ಬೆನ್ನನ್ನು ಯಾರು ಒತ್ತಿದರೋ ಶಾಸನದಲ್ಲಿ ಬರೆದಿರುವುದಿಲ್ಲ. ಆದರೆ ಯಾರೋ ಒತ್ತಿಯೇ ಇರಬೇಕು. ಬಾಣಂತಿಗೂ ಕೂಸಿಗೂ ಎಣ್ಣೆ ತಿಕ್ಕಿ ಎರೆಯುವ ಅಜ್ಜಿಯರು, ಕುಸ್ತಿಯ ಹುಡುಗರ ಮೈ ಹದ ಮಾಡುವ ಉಸ್ತಾದರು, ಕ್ಷೌರ ಮುಗಿಸಿ ತಲೆ, ಕತ್ತು, ಭುಜ ತಟ್ಟಿ ಒತ್ತಿ ಕಳಿಸುವ ಸವಿತಾ ಸಮಾಜದ ಅಣ್ಣಂದಿರು, ಇವರೆಲ್ಲ ಈ ವಿದ್ಯೆಯ ವಾರಸುದಾರರು. ಹಡಪದ ಅಪ್ಪಣ್ಣನವರನ್ನು ಶರಣರ ಸಾಲಿನಲ್ಲಿ ಕೂರಿಸಿ ಗೌರವಿಸಿದ ನಾಡಿನಲ್ಲಿ ಮೈ ಮುಟ್ಟುವ ಕಸುಬು ಮಾತ್ರ ಕೀಳೆಂದು ಉಳಿದುಬಿಟ್ಟಿತು. ಯಂತ್ರದವನಿಗೆ ಸಾವಿರಗಟ್ಟಲೆ ಎಣಿಸಿಕೊಟ್ಟವರು ಎರೆಯುವ ಅಜ್ಜಿಗೆ ಒಂದು ಸೀರೆ, ಸೇರಕ್ಕಿ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ನಗರಗಳ ಕೆಲವು ಕಡೆ ಈ ಹೆಸರಿನಲ್ಲಿ ನಡೆಯುವ ಹೊಲಸು ವ್ಯವಹಾರದಿಂದ "ಮಸಾಜು" ಎಂದರೆ ಮುಖ ಮುಚ್ಚಿ ನಗುವ ಕಾಲವೂ ಬಂದಿದೆ.

ಆ ನಗು ಇಂಗ್ಲೆಂಡಿನಲ್ಲೂ ಇತ್ತು. 1894ರಲ್ಲಿ ಲಂಡನ್ನಿನ ಪತ್ರಿಕೆಗಳಲ್ಲಿ ಇಂಥದೇ ಹೊಲಸು ಸುದ್ದಿಗಳು ಬಂದು ಅಂಗಮರ್ದನ ಮಾಡುತ್ತಿದ್ದ ದಾದಿಯರೆಲ್ಲ ತಲೆತಗ್ಗಿಸುವಂತಾದಾಗ, ನಾಲ್ವರು ದಾದಿಯರು ಸೇರಿ ತಮ್ಮದೇ ಒಂದು ಸಂಘ ಕಟ್ಟಿದರು. ಕಲಿತು ಪರೀಕ್ಷೆ ಪಾಸಾದವರಿಗೇ ಸದಸ್ಯತ್ವವೆಂದು ನಿಯಮ ಮಾಡಿದರು. ಇಂದು ಆ ದೇಶದ ಫಿಜಿಯೋಥೆರಪಿಯವರ ದೊಡ್ಡ ಸಂಸ್ಥೆ ಅದೇ ನಾಲ್ವರ ಸಂಘ ಬೆಳೆದು ಆದದ್ದು. ಜಪಾನಿನಲ್ಲಿ ಹದಿನೇಳನೆಯ ಶತಮಾನದಲ್ಲೇ ಸುಗಿಯಾಮ ವಾಇಚಿ ಎಂಬ ಅಂಧ ವೈದ್ಯ ಅಂಧರಿಗಾಗಿ ಶಾಲೆ ತೆರೆದು ಸೂಜಿ ಚಿಕಿತ್ಸೆಯನ್ನೂ ಮೈ ಒತ್ತುವುದನ್ನೂ ಕಲಿಸಿದ. ಅಲ್ಲಿ 1947ರ ಕಾನೂನಿನಂತೆ ಈ ಕಸುಬಿಗೆ ಪರವಾನಗಿ ಬೇಕು, ಇಂದಿಗೂ ಎಷ್ಟೋ ಅಂಧರು ಇದರಿಂದ ತಲೆಯೆತ್ತಿ ಬದುಕುತ್ತಾರೆ. ನಮ್ಮ ಅಂಧ ಮಕ್ಕಳ ಶಾಲೆಗಳನ್ನು ಮುಗಿಸಿ ಹೊರಬಂದ ಹುಡುಗರು ರೈಲಿನಲ್ಲಿ ಬಾಚಣಿಗೆ ಮಾರುವುದನ್ನು ಕಂಡಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಆದುದರಿಂದ ಶಿಬಿರ ನಡೆಯಬೇಕು. ನಾವೇ ನಡೆಸಬೇಕು, ಸಂತೆಯ ದಿನ ನಡೆಸಬೇಕು. ಆದರೆ ಅದರ ಕ್ರಮ ಬೇರೆ ಇರಬೇಕು. ಮೊದಲ ಮೇಜಿನಲ್ಲಿ ಸರ್ಕಾರಿ ಆಸ್ಪತ್ರೆಯ ವೈದ್ಯರೋ ಫಿಜಿಯೋಥೆರಪಿಯವರೋ ಕೂತು, ಯಾರನ್ನು ತಿಕ್ಕಬಹುದು, ಯಾರನ್ನು ಆಸ್ಪತ್ರೆಗೆ ಕಳಿಸಬೇಕು ಎಂಬುದನ್ನು ತೀರ್ಮಾನಿಸಲಿ. ಎರಡನೆಯದಾಗಿ, ಒತ್ತುವವರು ಈ ಊರಿನವರೇ ಆಗಿರಲಿ. ಗಂಡಸರಿಗೆ ಗಂಡಸರು, ಹೆಂಗಸರಿಗೆ ಮರೆಯಲ್ಲಿ ಹೆಂಗಸರು. ಅವರಿಗೆ ದಿನದ ಕೂಲಿ ಸಂಘದ ಹಣದಿಂದ ಸಲ್ಲಬೇಕು. ಬಿಟ್ಟಿ ದುಡಿಸಿಕೊಂಡು ಶಾಲು ಹೊದಿಸುವ ಸಮಾಜವಾದ ನಮಗೆ ಬೇಡ. ರಾಜ್ಯದ ಅಸಂಘಟಿತ ಕಾರ್ಮಿಕರ ಮಂಡಳಿಯ ಸಹಾಯ ಹಸ್ತ ಯೋಜನೆಯಲ್ಲಿ ಹಮಾಲರ ಹೆಸರೂ ಇದೆ, ಕ್ಷೌರಿಕರ ಹೆಸರೂ ಇದೆ. ಒಂದೇ ಯೋಜನೆಯಲ್ಲಿರುವ ಇಬ್ಬರೂ ಒಂದೇ ಚಾಪೆಯ ಮೇಲೆ ಎದುರುಬದುರು ಕೂರಲಿ, ಕಾರ್ಡು ಮಾಡಿಸದವರಿಗೆ ಅಲ್ಲೇ ಅರ್ಜಿ ಬರೆದುಕೊಡೋಣ. ಮುಖ್ಯವಾಗಿ, ಬಂದವರು ಒತ್ತಿಸಿಕೊಂಡಷ್ಟೇ ಹೋಗದೆ ಒತ್ತುವುದನ್ನು ಕಲಿತು ಹೋಗಬೇಕು. ಗಂಡ ಹೆಂಡತಿಯ ಕಾಲು ಒತ್ತುವುದನ್ನೂ ಕಲಿಯಲಿ. ನಗಬೇಡಿ, ಬೀಡಿ ಕಟ್ಟಿ, ಕಳೆ ಕಿತ್ತು, ನೀರು ಹೊತ್ತು ಬಂದವಳಿಗೂ ಸೊಂಟವೆಂಬುದೊಂದಿದೆ.

ಸರ್ಕಾರವನ್ನೂ ಬಿಡಬಾರದು. 2010-11ರಲ್ಲಿ ಶುರುವಾದ ವೃದ್ಧರ ರಾಷ್ಟ್ರೀಯ ಆರೋಗ್ಯ ಕಾರ್ಯಕ್ರಮದಲ್ಲಿ ಜಿಲ್ಲಾಸ್ಪತ್ರೆ, ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಹಿರಿಯರಿಗೆ ಫಿಜಿಯೋಥೆರಪಿ ಸೌಕರ್ಯ ಇರಬೇಕೆಂದಿದೆ. ಹೋಬಳಿಯ ಮುದುಕರು ಮಂಡಿ ಹಿಡಿದುಕೊಂಡು ದುರ್ಗಕ್ಕೋ ದಾವಣಗೆರೆಗೋ ಬಸ್ಸು ಹತ್ತದಂತೆ, ವಾರಕ್ಕೆ ಎರಡು ದಿನವಾದರೂ ಆ ಸೌಕರ್ಯ ಇಲ್ಲಿಗೇ ಬರಲಿ ಎಂದು ಶಿಬಿರದ ದಿನವೇ ಸಹಿ ಸಂಗ್ರಹಿಸಬೇಕು.

ಇನ್ನೊಂದು ಮಾತನ್ನು ಹೇಳದಿದ್ದರೆ ನಾನೂ ಆ ಯಂತ್ರದವನ ಜೊತೆಗಾರನಾಗುತ್ತೇನೆ. ಬೆನ್ನನ್ನು ಎಷ್ಟು ತಿಕ್ಕಿದರೂ ಮಾರನೆಯ ಬೆಳಿಗ್ಗೆ ಅದರ ಮೇಲೆ ಬೀಳುವ ಚೀಲ ಹಗುರಾಗದಿದ್ದರೆ ಏನು ಫಲ? ಒಬ್ಬ ಆಳು ಹೊರುವ ಭಾರದ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿ ಒಂದು ಒಪ್ಪಂದ ಮಾಡಿತು. ಅದರ ಜೊತೆಗಿನ ಶಿಫಾರಸಿನಲ್ಲಿ ವಯಸ್ಕ ಗಂಡಸಿಗೆ 55 ಕಿಲೋ ಮಿತಿ ಹಾಕಿದೆ. ಆ ಒಪ್ಪಂದಕ್ಕೆ ಭಾರತ ಸರ್ಕಾರ 2010ರಲ್ಲಿ ಒಪ್ಪಿಗೆ ಕೊಟ್ಟಿತು. ಆ ಸಂಖ್ಯೆ ನಮ್ಮ ಮಾರುಕಟ್ಟೆಯ ಎಷ್ಟು ಹಮಾಲರಿಗೆ ಗೊತ್ತು, ಎಷ್ಟು ಮಂಡಿ ಧಣಿಗಳಿಗೆ ಗೊತ್ತು? ಶಿಬಿರದ ಬಾಗಿಲಲ್ಲಿ ಒಂದು ತಕ್ಕಡಿ ಇಡೋಣ. ಅಡಿಕೆ, ಮೆಕ್ಕೆಜೋಳ, ಹತ್ತಿ ಇವುಗಳ ಒಂದೊಂದು ಚೀಲ ತಂದು ಎಲ್ಲರ ಕಣ್ಣೆದುರು ತೂಗೋಣ. ಯಾವುದು 55 ದಾಟುತ್ತದೋ ಅದರ ಮೇಲೆ ಸುಣ್ಣದಲ್ಲಿ ಬರೆಯೋಣ.

ಚಳ್ಳಕೆರೆಯ ಗಾಣದ ವ್ಯಾಪಾರಿಯೊಬ್ಬರು ಒಂದು ಡಬ್ಬಿ ಶೇಂಗಾ ಎಣ್ಣೆ ಕೊಡಲು ಒಪ್ಪಿದ್ದಾರೆ. ಔಡಲ ಎಣ್ಣೆ ಯಾರ ಹಿತ್ತಿಲಲ್ಲಿ ಕಾಸಿದ್ದಾದರೂ ಆದೀತು. ಚಾಪೆಗಳು ಸಂಘದ ಕಚೇರಿಯಲ್ಲಿವೆ. ತಕ್ಕಡಿ ಕೊಡುವ ಅಂಗಡಿಯವರು ಮಾತ್ರ ಇನ್ನೂ ಸಿಕ್ಕಿಲ್ಲ.