ಗೃಹಕಲೆ: ಚೌಕದ ಗೊಂಬೆಗಳು

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಕಡೆಯ ಮನೆಗಳಲ್ಲಿ ಕಸೂತಿಯ ಹೆಸರನ್ನು ಕೇಳದವರು ವಿರಳ. ಬಟ್ಟೆಯ ಮೇಲೆ ಗೆರೆಯೆಳೆಯದೆ, ಎಳೆಗಳನ್ನು ಎಣಿಸಿಯೇ ಗೋಪುರ, ತೇರು, ಆನೆ, ತುಳಸಿಕಟ್ಟೆಗಳನ್ನು ಮೂಡಿಸುವುದು ಆ ಕಲೆಯ ಹೆಚ್ಚಳವಾಗಿರುವುದು. ಇಂಥ ಎಣಿಕೆಯನ್ನು ಬಲ್ಲ ತಾಯಂದಿರಿಗೆ ಹಳೆಯ ವಿಡಿಯೋ ಆಟಗಳ ಗೊಂಬೆಗಳು ಪರಕೀಯವೆನಿಸಬೇಕಾಗಿಲ್ಲ. ಅವೂ ಎಣಿಸಿದ ಚೌಕಗಳಿಂದಲೇ ಆದವು.

1978ರಲ್ಲಿ ಜಪಾನಿನ ನಿಶಿಕಾಡೊ ಎಂಬವರು ರಚಿಸಿದ ‘ಸ್ಪೇಸ್ ಇನ್ವೇಡರ್ಸ್’ ಆಟದ ಏಡಿಯಂಥ ಗೊಂಬೆಯು 11 ಚೌಕ ಅಗಲ, 8 ಚೌಕ ಎತ್ತರ ಮಾತ್ರ. 1981ರ ‘ಡಾಂಕಿ ಕಾಂಗ್’ ಆಟದಲ್ಲಿ ಮಿಯಾಮೊಟೊ ಎಂಬವರು ಮಾರಿಯೋವನ್ನು ಚಿತ್ರಿಸಿದಾಗ, ಅಷ್ಟು ಸ್ವಲ್ಪ ಚೌಕಗಳಲ್ಲಿ ಬಾಯನ್ನು ತೋರಿಸಲಾಗದೆ ಮೀಸೆಯನ್ನಿಟ್ಟರು. ತಲೆಗೂದಲನ್ನು ಬಿಡಿಸಲಾಗದೆ ಟೊಪ್ಪಿಗೆ ತೊಡಿಸಿದರು. ಎಡೆ ಸಾಲದೆ ಹೋದುದೇ ಗೊಂಬೆಯ ಗುರುತಾಯಿತು. ಕಸೂತಿಯ ಆನೆಯಲ್ಲಿಯೂ ಇದೇ ಜಾಣ್ಮೆಯಿರುವುದು.

ಈ ಗೊಂಬೆಗಳನ್ನು ಗೋಡೆಗಾಗಲಿ ಹಲಗೆಗಾಗಲಿ ಇಳಿಸಲು ಸ್ಟೆನ್ಸಿಲ್, ಅಂದರೆ ಕೊರೆದ ಹಾಳೆ, ಉತ್ತಮ ಸಾಧನವು. ರಂಗೋಲಿಯ ತೂತಿನ ತಟ್ಟೆಯೂ ಇದೇ ಜಾತಿಯದು. ಬಣ್ಣವೊಂದಕ್ಕೆ ಹಾಳೆಯೊಂದು ಎಂಬುದೇ ಇದರ ಸೂತ್ರ. ಇನ್ವೇಡರಿಗೆ ಒಂದು ಹಾಳೆ ಸಾಕು. 1985ರ ‘ಸೂಪರ್ ಮಾರಿಯೋ’ ಆಟದ ಚಿಕ್ಕ ಮಾರಿಯೋ 16 ಚೌಕಗಳ ಕಟ್ಟಿನೊಳಗೆ ಮೂರೇ ಬಣ್ಣಗಳಲ್ಲಿ ಮುಗಿಯುವುದರಿಂದ ಅವನಿಗೆ ಮೂರು ಹಾಳೆಗಳು ಬೇಕು.

ಮೊದಲು ಚೌಕದ ಕಾಗದದ ಮೇಲೆ ಗೊಂಬೆಯನ್ನು ಎಣಿಸಿ ಬರೆದುಕೊಳ್ಳತಕ್ಕದ್ದು. ಚೌಕವೊಂದಕ್ಕೆ ಒಂದು ಸೆಂಟಿಮೀಟರು ಹಿಡಿದರೆ ಕತ್ತರಿಸಲು ಸುಲಭ. ದಪ್ಪ ರಟ್ಟು ಅಥವಾ ಹಳೆಯ ಎಕ್ಸ್‌ರೇ ಹಾಳೆಯನ್ನು ಉಪಯೋಗಿಸಬಹುದು. ಕತ್ತರಿಸುವ ಕೆಲಸವು ಹಿರಿಯರದೇ ಆಗಿರಲಿ. ಮೂರು ಹಾಳೆಗಳನ್ನೂ ಒಂದರಮೇಲೊಂದಿಟ್ಟು ಎರಡು ಮೂಲೆಗಳಲ್ಲಿ ಒಮ್ಮೆಗೇ ತೂತು ಹಾಕಿ, ಆ ತೂತುಗಳೊಳಗಿಂದ ಗೋಡೆಯ ಮೇಲೆ ಪೆನ್ಸಿಲಿನ ಚುಕ್ಕೆಯಿಡಬೇಕು. ಮುಂದಿನ ಹಾಳೆಗಳು ಆ ಚುಕ್ಕೆಗಳಿಗೆ ಸರಿಯಾಗಿ ಕೂಡಿದರೆ ಮೀಸೆಯು ಕೆನ್ನೆಗೆ ಜಾರದು.

ಕೊರೆಯುವಾಗ ಒಂದು ವಿಷಯದಲ್ಲಿ ಎಚ್ಚರ ಬೇಕು. ಗದುಗಿನ ತ್ರಿಕೂಟೇಶ್ವರ ಗುಡಿಯ ಕಲ್ಲಿನ ಜಾಲಂಧ್ರಗಳನ್ನು ನೋಡಿದವರು ಬಲ್ಲರು: ತೂತಿನಷ್ಟೇ ತೂತುಗಳ ನಡುವೆ ಉಳಿದ ಕಲ್ಲೂ ಮುಖ್ಯ, ಅದಿಲ್ಲದಿದ್ದರೆ ಜಾಲವು ನಿಲ್ಲದು. ಎರಡು ತೂತುಗಳು ಮೂಲೆಗೆ ಮೂಲೆ ತಾಗುವೆಡೆಯಲ್ಲಿ ನೂಲಿನಷ್ಟು ರಟ್ಟನ್ನು ಬಿಡದಿದ್ದರೆ ಹಾಳೆಯು ಅಲ್ಲಿಯೇ ಹರಿಯುವುದು.

ಮೊದಲನೆಯ ಹಾಳೆಯಲ್ಲಿ ಗೊಂಬೆಯ ಪೂರ್ಣ ಆಕಾರವನ್ನೇ ಕೊರೆದು ಮೈಬಣ್ಣವನ್ನು ತುಂಬಬೇಕು. ಆ ಮೇಲೆ ಕೆಂಪು, ಕೊನೆಗೆ ಕಂದು. ತಿಳಿಯಿಂದ ಗಾಢಕ್ಕೆ ಹೋಗುವ ಈ ಕ್ರಮದಿಂದ ಬಣ್ಣಗಳ ನಡುವೆ ಬಿರುಕು ಕಾಣದು. ಅಕ್ರಿಲಿಕ್ ಬಣ್ಣಕ್ಕೆ ಸ್ಪಂಜನ್ನು ಅದ್ದಿ, ಹಳೆಯ ಕಾಗದಕ್ಕೊತ್ತಿ ಹೆಚ್ಚಿನದನ್ನು ತೆಗೆದು, ಮೇಲಿನಿಂದ ನೇರವಾಗಿ ತಟ್ಟಬೇಕೇ ಹೊರತು ಉಜ್ಜಬಾರದು. ನೀರಾದ ಬಣ್ಣವು ಹಾಳೆಯ ಅಡಿಗೆ ನುಗ್ಗಿ ಚೌಕದ ಅಂಚನ್ನು ಕೆಡಿಸುವುದು. ಒಂದು ಬಣ್ಣವು ಪೂರಾ ಒಣಗಿದ ಹೊರತು ಮತ್ತೊಂದು ಹಾಳೆಯನ್ನಿಡಲಾಗದು. ತುಂತುರು ಡಬ್ಬಿಯ ಬಣ್ಣವಾದರೆ ಬಯಲಿನಲ್ಲಿ, ಮೂಗುಬಾಯಿಗೆ ತಕ್ಕ ಮುಸುಕು ಕಟ್ಟಿಕೊಂಡು ಮಾಡತಕ್ಕದ್ದು. ಈ ಗೊಂಬೆಗಳಿಗೆ ಒಡೆಯರಿರುವುದರಿಂದ ಮನೆಯ ಅಲಂಕಾರಕ್ಕೆ ಮಾಡಿಕೊಳ್ಳಬೇಕೇ ಹೊರತು ಮಾರಾಟಕ್ಕಲ್ಲ.

ಇಷ್ಟನ್ನು ಹೇಳಿದುದು ಗೋಡೆಯ ಚೆಂದಕ್ಕಾಗಿ ಮಾತ್ರವಲ್ಲ. ಜಪಾನಿನ ಗೊಂಬೆಯ ಒಂದೊಂದು ಚೌಕವೂ ಎಲ್ಲಿಯೋ ದಾಖಲಾಗಿ ಉಳಿದಿದೆ. ಆದರೆ ಅಜ್ಜಿಯು ಕಾಗದ ನೋಡದೆ ಹಾಕುವ ಆನೆಯ ಎಣಿಕೆಯು ಆಕೆಯ ಬೆರಳಲ್ಲಿರುವುದು. ಬರೆದಿಡದಿದ್ದರೆ ಆಕೆಯೊಡನೆಯೇ ಹೋಗುವುದು. ಆದಕಾರಣ ಚೌಕದ ಕಾಗದವನ್ನು ತಂದ ದಿನವೇ ಎರಡು ಹಾಳೆಗಳನ್ನು ಹರವಿರಿ. ಒಂದರಲ್ಲಿ ಮೊಮ್ಮಗನು ತನ್ನ ಮಾರಿಯೋವನ್ನು ಬರೆಯಲಿ. ಮತ್ತೊಂದರಲ್ಲಿ ಅಜ್ಜಿಯು ಎಣಿಸಿ ಹೇಳಿದಂತೆ ಆನೆಯನ್ನು ಬರೆಯಲಿ. ಎರಡನ್ನೂ ಕೊರೆದು ಅಕ್ಕಪಕ್ಕದಲ್ಲಿ ಬಣ್ಣಕ್ಕಿಳಿಸಿ, ಆನೆಯ ಕಾಗದವನ್ನು ಮನೆಯ ಮುಖ್ಯ ಪತ್ರಗಳೊಡನೆ ಜೋಪಾನವಾಗಿಡಿರಿ.