ಸಮುದಾಯ ಭವನದಲ್ಲಿ ಕುಂಬಾರಿಕೆ: ಕಲಿಸುವವರು ಯಾರು, ಸುಡುವುದು ಎಲ್ಲಿ?

ಗಣೇಶ ಚತುರ್ಥಿ ಸಮೀಪಿಸಿದಂತೆ ಶಾಲೆಗಳಲ್ಲಿ, ಬಡಾವಣೆಗಳ ಸಮುದಾಯ ಭವನಗಳಲ್ಲಿ, ಮಠಗಳ ಸಭಾಂಗಣಗಳಲ್ಲಿಯೂ ಮಣ್ಣಿನ ಮೂರ್ತಿ ತಯಾರಿಸುವ ಶಿಬಿರಗಳು ನಡೆಯುತ್ತವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2020ರಲ್ಲಿ ಮೂರ್ತಿ ವಿಸರ್ಜನೆಯ ಮಾರ್ಗಸೂಚಿಯನ್ನು ಪರಿಷ್ಕರಿಸಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿಗಳು ಸಲ್ಲವೆಂದು ಸಾರಿತು. ಮಕ್ಕಳ ಕೈ ಮಣ್ಣಾಗುವುದು ಸಂತೋಷದ ಸಂಗತಿಯೇ. ಆದರೆ ಈ ಶಿಬಿರಗಳನ್ನೇ ಕುಂಬಾರಿಕೆಯ ಕಲಿಕೆಯೆಂದು ಕರೆಯುವ ರೂಢಿ ಬೆಳೆಯುತ್ತಿದೆ. ಅದನ್ನು ನಾವು ಒಪ್ಪಲಾರೆವು.

ಕಾರಣ ಸರಳ. ನೀರಿನಲ್ಲಿ ಕರಗಬೇಕಾದ ಮೂರ್ತಿಯನ್ನು ಸುಡುವಂತಿಲ್ಲ. ದೀಪಾವಳಿಯ ಶಿಬಿರದ ಹಣತೆಯೂ ಬಹುಪಾಲು ಒಣಗಿ, ಬಣ್ಣ ಬಳಿಸಿಕೊಂಡು ಮನೆ ಸೇರುತ್ತದೆ. ಎಣ್ಣೆ ಹೀರಿ ಸಡಿಲಗೊಳ್ಳುತ್ತದೆ. ಹೀಗೆ ಕಲಿತ ಮಗು ಬೆಂಕಿಯನ್ನು ಕಾಣುವುದೇ ಇಲ್ಲ. ಹಸಿ ಮಡಕೆಗೆ ನೀರು ಹೊಯ್ದರೆ ಅದು ಮತ್ತೆ ಮಣ್ಣು. ಸುಮಾರು 600 ಡಿಗ್ರಿ ಶಾಖವನ್ನು ದಾಟಿದಾಗ ಜೇಡಿಮಣ್ಣಿನ ಕಣಗಳೊಳಗೇ ಬೆಸೆದುಕೊಂಡಿದ್ದ ನೀರು ಹೊರಟುಹೋಗುತ್ತದೆ. ಆ ಬಳಿಕ ಅದು ಎಂದಿಗೂ ಕೆಸರಾಗದು. ಕುಂಬಾರನ ಅರಿವೆಲ್ಲ ಆ ಹಾದಿಯನ್ನು ಒಡೆಯದಂತೆ ದಾಟಿಸುವುದರಲ್ಲಿದೆ. ಎಷ್ಟು ದಿನ ನೆರಳಲ್ಲಿ ಒಣಗಿಸಬೇಕು, ಆವಿಗೆಯಲ್ಲಿ ಯಾವುದನ್ನು ಕೆಳಗೆ ಜೋಡಿಸಬೇಕು, ಮೊದಲ ಉರಿಯನ್ನು ಎಷ್ಟು ಮೆಲ್ಲನೆ ಕೊಡಬೇಕು ಎಂಬುದು ಅವನ ಕೈಗೆ ಗೊತ್ತು. ಹಸಿ ಉಳಿದಿದ್ದರೆ ಒಳಗಿನ ನೀರು ಆವಿಯಾಗಿ ಮಡಕೆಯನ್ನು ಸಿಡಿಸುತ್ತದೆ. ಕೆಲವೊಮ್ಮೆ ಪಕ್ಕದ್ದನ್ನೂ ಒಡೆಯುತ್ತದೆ. ಇದನ್ನು ಎರಡು ಗಂಟೆಯ ಶಿಬಿರ ಕಲಿಸಲಾರದು.

ಸರ್ಕಾರದ ನೆರವಿಲ್ಲವೇ ಎಂದು ಓದುಗರು ಕೇಳಬಹುದು. ಇದೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ವೃತ್ತಿಗಳಲ್ಲಿ ಕುಂಬಾರಿಕೆಯೂ ಸೇರಿದೆ. 5ರಿಂದ 7 ದಿನಗಳ ಮೂಲ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಗಳಿಗೆ 15,000 ರೂಪಾಯಿ, ಶೇ 5ರ ಬಡ್ಡಿಯಲ್ಲಿ ಎರಡು ಕಂತುಗಳಲ್ಲಿ 3 ಲಕ್ಷದವರೆಗೆ ಸಾಲ. ಆದರೆ ಇದು ಈಗಾಗಲೇ ಆ ಕಸುಬಿನಲ್ಲಿರುವ, 18 ವರ್ಷ ತುಂಬಿದವರಿಗೆ. ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ. ಯೋಜನೆಯ ಉದ್ದೇಶ ಅಷ್ಟೇ ಆದ್ದರಿಂದ ಅದನ್ನು ದೂರುವುದು ತರವಲ್ಲ. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕಾ ಸಂಸ್ಥೆಯಿದೆ. ಆದರೆ ಎಂಟನೆಯ ತರಗತಿಯ ಮಗು ಸಂಜೆ ಶಾಲೆ ಬಿಟ್ಟ ಮೇಲೆ ಅಲ್ಲಿಗೆ ಹೋಗಲಾದೀತೇ? ಕಸುಬನ್ನು ಹೊಸದಾಗಿ ಕಲಿಯಬಯಸುವ ಮಗುವಿಗೆ, ಗೃಹಿಣಿಗೆ ಊರೊಳಗಿನ ಸಮುದಾಯ ಭವನವೇ ಬಾಗಿಲಾಗಬೇಕಾಗಿದೆ.

ಹಾಗಾದರೆ ಆ ಭವನದಲ್ಲಿ ತಿಗರಿಯ ಮುಂದೆ ಕುಳಿತುಕೊಳ್ಳುವ ಗುರು ಯಾರು? ನಗರಗಳಲ್ಲಿ ವಾರಾಂತ್ಯದ ತರಗತಿಗಳು ಶುಲ್ಕ ಪಡೆದು ನಡೆಯುತ್ತಿವೆ; ಕಲಿಸುವವರಲ್ಲಿ ಕಲಾಶಾಲೆಯಲ್ಲಿ ಓದಿ ಬಂದವರೇ ಹೆಚ್ಚಾಗಿ ಕಾಣುತ್ತಾರೆ. ಅವರ ಶ್ರಮವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೂ ಐದಾರು ಮೈಲಿ ದೂರದ ಕುಂಬಾರಗೇರಿಯಲ್ಲಿ ಮಗನಿಗೆ ತಿಗರಿ ಮುಟ್ಟಬೇಡವೆಂದು ಹೇಳಿ ಕೂಲಿಗೆ ಕಳುಹಿಸುವ ತಂದೆಯೂ ಇದೇ ಕಾಲದಲ್ಲಿದ್ದಾನೆ. ನಾವು, ಅಂದರೆ ಮಠಗಳು, ಇಲ್ಲಿ ನಮ್ಮನ್ನೇ ಕೇಳಿಕೊಳ್ಳಬೇಕು. ಕುಂಬಾರ ಗುಂಡಯ್ಯನನ್ನು ವೇದಿಕೆಯ ಮೇಲೆ ಸ್ಮರಿಸುತ್ತೇವೆ. ಹರಿಹರನು ಅವನ ಮೇಲೆ ರಗಳೆಯನ್ನೇ ರಚಿಸಿದನೆಂದು ಹೆಮ್ಮೆಪಡುತ್ತೇವೆ. ಊರಿನ ಕುಂಬಾರನನ್ನು ಕರೆದು ಶಾಲು ಹೊದಿಸಿ, ಫಲತಾಂಬೂಲ ಕೊಟ್ಟು, ಎರಡು ಗಂಟೆ ತಿಗರಿ ತಿರುಗಿಸಿಕೊಂಡು ಕಳುಹಿಸುತ್ತೇವೆ. ಅಂದಿನ ಅವನ ದುಡಿಮೆ ಹೋಯಿತು. ಕಲಿಸುವುದೂ ಕಾಯಕವೇ, ಶಾಲು ಅದರ ಕೂಲಿಯಾಗದು. ಗಂಟೆಗೆ ಇಷ್ಟು ಎಂದು ಮೊದಲೇ ಗೊತ್ತುಮಾಡಿ, ಶಾಲೆಯ ಶಿಕ್ಷಕರಿಗೆ ಕೊಡುವಂತೆ ತಿಂಗಳ ಕೊನೆಗೆ ಕೊಡಬೇಕು.

ಮಣ್ಣಿನ ಮಾತೂ ಇದೆ. ಕುಂಬಾರರು ರೂಢಿಯಂತೆ ಕೈಯಿಂದ ಅಗೆದು ತೆಗೆಯುವ ಸಾಮಾನ್ಯ ಜೇಡಿಮಣ್ಣಿಗೆ ಪರಿಸರ ಅನುಮತಿ ಬೇಕಿಲ್ಲವೆಂದು ಕೇಂದ್ರ ಪರಿಸರ ಸಚಿವಾಲಯದ 2016ರ ಜನವರಿ 15ರ ಅಧಿಸೂಚನೆ ಹೇಳುತ್ತದೆ. ಆದರೂ ಕೆರೆಯ ಅಂಗಳ ಒತ್ತುವರಿಯಾಗಿದ್ದರೆ ಅಥವಾ ಚರಂಡಿಯ ನೀರು ಕೆರೆಗೆ ಸೇರಿದ್ದರೆ ಆ ವಿನಾಯಿತಿಯಿಂದ ಏನು ಪ್ರಯೋಜನ?

ಮತ್ತೊಂದು ಬದಲಾವಣೆಯನ್ನು ಇಲ್ಲಿಯೇ ಹೇಳಬೇಕು. ಅನೇಕ ಕುಂಬಾರ ಮನೆಗಳಲ್ಲಿ ಹೆಣ್ಣುಮಕ್ಕಳು ಮಣ್ಣು ತುಳಿದರು, ಒಣಗಿಸಿದರು, ಸಂತೆಗೆ ಹೊತ್ತರು; ತಿಗರಿ ಮಾತ್ರ ಗಂಡಸರದಾಗಿತ್ತು. ಕೋಲಿನಿಂದ ತಿರುಗಿಸುವ ಭಾರದ ಚಕ್ರದ ಬದಲು ವಿದ್ಯುತ್ ತಿಗರಿ ಬಂದಿರುವುದರಿಂದ ತೋಳ್ಬಲದ ನೆಪ ಈಗ ಉಳಿದಿಲ್ಲ. ಸಮುದಾಯ ಭವನದ ತರಗತಿಯಲ್ಲಿ ಮೊದಲ ಸಾಲು ಆ ಮನೆಗಳ ಹೆಣ್ಣುಮಕ್ಕಳಿಗೇ ಸಲ್ಲಬೇಕು, ಶುಲ್ಕವಿಲ್ಲದೆ.

ಭವನದ ವ್ಯವಸ್ಥಾಪಕರ ಆತಂಕಗಳು ಸಣ್ಣವಲ್ಲ. ಕೆಸರುನೀರನ್ನು ಮೋರಿಗೆ ಸುರಿದರೆ ಕೊಳವೆ ಕಟ್ಟುತ್ತದೆ. ಬಕೆಟ್ಟಿನಲ್ಲಿ ತಳ ಕೂರಲು ಬಿಟ್ಟು ತಿಳಿನೀರನ್ನು ಮಾತ್ರ ಚೆಲ್ಲಬೇಕು. ಒಣಗಿದ ಮಣ್ಣನ್ನು ಪೊರಕೆಯಿಂದ ಗುಡಿಸಬಾರದು. ಆ ದೂಳು ಶ್ವಾಸಕೋಶಕ್ಕೆ ಹಾನಿಕರ, ಒದ್ದೆ ಬಟ್ಟೆಯಿಂದ ಒರೆಸಬೇಕು. ಆವಿಗೆಗೆ ಭವನದೊಳಗೆ ಜಾಗವಿಲ್ಲ. ಮನೆಗಳಿಗೂ ಹುಲ್ಲಿನ ಬಣವೆಗೂ ದೂರವಾದ ಬಯಲಿನ ಮೂಲೆ ಸಾಕು. ಅದಕ್ಕಿಂತ ಲೇಸು, ಕಲಿಯುವವರೇ ಹಸಿ ಮಡಕೆಗಳನ್ನು ಹೊತ್ತು ಕುಂಬಾರಗೇರಿಯ ಆವಿಗೆಗೆ ಹೋಗುವುದು.

ಇನ್ನು ಕಾಲ. ಕಲ್ಯಾಣ ಮಂಟಪಗಳು ಬೇಸಿಗೆಯಲ್ಲಿ ಮದುವೆಗಳಿಂದ ತುಂಬಿರುತ್ತವೆ. ಆಷಾಢದಲ್ಲಿ ತೆರವಾಗಿರುತ್ತವೆಯಾದರೂ ಮಳೆಯ ತಂಪಿಗೆ ಮಡಕೆ ಬೇಗ ಒಣಗದು. ಧನುರ್ಮಾಸದಲ್ಲಿ ಮದುವೆಯೂ ಇಲ್ಲ, ಮಳೆಯೂ ಇಲ್ಲ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ನಾಲ್ಕು ವಾರ ದೊರೆಯುತ್ತದೆ: ಮೊದಲೆರಡು ವಾರ ಕೈಕೆಲಸಕ್ಕೆ, ಮೂರನೆಯದು ಒಣಗಿಸಲು, ಕೊನೆಯದು ಸುಡಲು.