ವಿಶಾಲ ದೃಶ್ಯವೂ ಛಾಯಾಚಿತ್ರವೂ

ವಿಸ್ತಾರವಾದ ಪ್ರಕೃತಿದೃಶ್ಯವೊಂದು ಎದುರಾದಾಗ ಅದನ್ನು ಇಡಿಯಾಗಿ ಚಿತ್ರದಲ್ಲಿ ಹಿಡಿದಿಡಬೇಕೆಂಬ ಬಯಕೆ ಮೂಡುವುದು ಸಹಜವೇ ಆಗಿದೆ. ಈಗ ಮನೆಮನೆಯ ಮೊಬೈಲಿನಲ್ಲಿಯೂ ಕ್ಯಾಮೆರಾ ಇರುವುದರಿಂದ ಈ ಬಯಕೆ ಈಡೇರಲು ಕ್ಷಣಮಾತ್ರವೂ ಬೇಕಾಗಿಲ್ಲ. ಪ್ರವಾಸದಿಂದ ಹಿಂದಿರುಗಿದ ವಿದ್ಯಾರ್ಥಿಗಳು ತೋರಿಸುವ ಚಿತ್ರಗಳನ್ನು ನಾವು ಸಂತೋಷದಿಂದಲೇ ನೋಡುತ್ತೇವೆ. ಆದರೆ ಅವುಗಳಲ್ಲಿ ಬಹುಪಾಲು ಒಂದನ್ನೊಂದು ಹೋಲುತ್ತವೆ: ಮೇಲೆ ಬಿಳಿಚಿದ ಆಕಾಶ, ಕೆಳಗೆ ಬರಿದಾದ ನೆಲ, ನಡುವೆ ಗೆರೆ ಎಳೆದಂತೆ ಕಿರಿದಾದ ಬೆಟ್ಟಸಾಲು. “ಅಲ್ಲಿ ನಿಂತು ನೋಡಿದಾಗ ಬೆಟ್ಟ ಇಷ್ಟು ಸಣ್ಣದಾಗಿರಲಿಲ್ಲ, ಸರ್” ಎಂದು ಅವರೇ ಹೇಳುವುದುಂಟು. ಇದರಲ್ಲಿ ಕ್ಯಾಮೆರಾದ ದೋಷವೇನೂ ಇಲ್ಲ. ವಿಶಾಲ ಕೋನದ ಮಸೂರವೆಂದರೆ ಕಂಡದ್ದೆಲ್ಲವನ್ನೂ ತುಂಬಿಕೊಳ್ಳುವ ಚೀಲವೆಂಬ ಭಾವನೆಯೇ ಇದಕ್ಕೆ ಕಾರಣ. ಆ ಮಸೂರವಿರುವುದು ಹತ್ತಿರ ಹೋಗುವುದಕ್ಕೆ ಎಂಬುದು ನಮ್ಮ ಅಭಿಪ್ರಾಯ.

35 ಮಿ.ಮೀ. ಫಿಲ್ಮಿನ ಕ್ಯಾಮೆರಾಗಳಲ್ಲಿ 50 ಮಿ.ಮೀ. ಮಸೂರವನ್ನು ಸಾಧಾರಣ ಮಸೂರವೆಂದು ಎಣಿಸುವುದು ವಾಡಿಕೆ. ಅದು ಅಡ್ಡಲಾಗಿ ಸುಮಾರು 40 ಡಿಗ್ರಿಗಳಷ್ಟು ನೋಟವನ್ನು ಒಳಗೊಳ್ಳುತ್ತದೆ, 24 ಮಿ.ಮೀ. ಮಸೂರವಾದರೋ ಸುಮಾರು 74 ಡಿಗ್ರಿಗಳನ್ನು. ಮೊಬೈಲುಗಳ ಮುಖ್ಯ ಕ್ಯಾಮೆರಾದ ನೋಟವು ಸಾಮಾನ್ಯವಾಗಿ ಈ ಎರಡನೆಯದಕ್ಕೆ ಸಮೀಪವಾದುದು. ಎಂದರೆ ನಿಮ್ಮಲ್ಲಿ ಅನೇಕರು ತಿಳಿಯದೆಯೇ ವಿಶಾಲ ಕೋನದ ಮಸೂರವನ್ನು ಕೈಯಲ್ಲಿ ಹಿಡಿದಿದ್ದೀರಿ. ಚಿತ್ರದ ಚೌಕಟ್ಟು ಮೊದಲಿನಷ್ಟೇ ಇದ್ದು ಅದರೊಳಗೆ ಹೆಚ್ಚು ವಸ್ತುಗಳು ಸೇರಿದರೆ ಒಂದೊಂದು ವಸ್ತುವೂ ಕಿರಿದಾಗಲೇಬೇಕಲ್ಲವೆ? ನಿಂತ ನೆಲದಿಂದ ಕದಲದೆ ತೆಗೆದಾಗ, 50 ಮಿ.ಮೀ. ಮಸೂರದಲ್ಲಿ ಕಾಣುವ ಬೆಟ್ಟದ ಅರ್ಧದಷ್ಟು ಎತ್ತರವೂ 24ರಲ್ಲಿ ಕಾಣದು.

ಈ ನಷ್ಟಕ್ಕೆ ಪರಿಹಾರ ಕಾಲ್ನಡಿಗೆಯಲ್ಲಿದೆ. ಎರಡು ಮೀಟರ್ ದೂರದಲ್ಲಿದ್ದ ಬಂಡೆಯ ಬಳಿಗೆ ಒಂದು ಮೀಟರ್ ಸಾಗಿದರೆ ಚಿತ್ರದಲ್ಲಿ ಬಂಡೆ ಇಮ್ಮಡಿಯಾಗುತ್ತದೆ. ಐದು ಕಿಲೋಮೀಟರ್ ಆಚೆಯ ಬೆಟ್ಟ ಇದ್ದಂತೆಯೇ ಇರುತ್ತದೆ. ಬಂಡೆ ದೊಡ್ಡದಾದಷ್ಟೂ ಬೆಟ್ಟ ದೂರವಾಗಿ ತೋರಿ, ನೋಡುವವನಿಗೆ ಇಲ್ಲಿಂದ ಅಲ್ಲಿಯವರೆಗಿನ ಹರವು ಅನುಭವಕ್ಕೆ ಬರುತ್ತದೆ. ಹತ್ತಿರದ ವಸ್ತುವೇ ದೂರವನ್ನು ಅಳೆದು ತೋರಿಸುವ ಅಳತೆಗೋಲು.

ನಮ್ಮ ಮುಂಬಯಿಯಿಂದ ಪ್ರವಾಸ ಹೋಗುವವರು ಬಲ್ಲ ಕಾಸ್ ಪಠಾರವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಸಾತಾರಾ ಪಟ್ಟಣದಿಂದ ಸುಮಾರು 25 ಕಿ.ಮೀ. ದೂರದಲ್ಲಿರುವ ಇದು ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿ. 2012ರಲ್ಲಿ ಯುನೆಸ್ಕೋ ಸಂಸ್ಥೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಪಶ್ಚಿಮಘಟ್ಟಗಳ 39 ತಾಣಗಳಲ್ಲಿ ಇದೂ ಒಂದು. ನಮ್ಮ ಕುದುರೆಮುಖವೂ ಅದೇ ಪಟ್ಟಿಯಲ್ಲಿದೆ. ಮಳೆಗಾಲದ ಕೊನೆಯಲ್ಲಿ ಇಲ್ಲಿನ ತೆಳುಮಣ್ಣಿನ ಮೇಲೆ ನೇರಳೆ, ಹಳದಿ, ಬಿಳಿ ಬಣ್ಣದ ಹೂಗಳು ಅರಳುತ್ತವೆ. ಅವುಗಳಲ್ಲಿ ಹಲವು ಉಗುರಿನಷ್ಟು ಚಿಕ್ಕವು. ನಿಂತೇ ತೆಗೆದ ಚಿತ್ರದಲ್ಲಿ ಅವು ಬರಿಯ ಬಣ್ಣದ ಕಲೆಗಳಾಗುತ್ತವೆ. ದಾರಿಯ ಅಂಚಿನಲ್ಲಿ ಮೊಣಕಾಲೂರಿ, ಕ್ಯಾಮೆರಾವನ್ನು ಹೂವಿನ ಮಟ್ಟಕ್ಕೆ ಇಳಿಸಿದರೆ ಹೂವು ಹೂವಾಗಿಯೂ, ಅದರ ಹಿಂದಿನ ಬಯಲು ಬಯಲಾಗಿಯೂ ಕಾಣುತ್ತವೆ. ಆದರೆ ಹತ್ತಿರ ಹೋಗಬೇಕೆಂದು ಹೂಗಳನ್ನು ತುಳಿದು ಒಳಗೆ ನುಗ್ಗುವುದನ್ನು ನಾವು ಒಪ್ಪಲಾರೆವು. ಒಂದು ಚಿತ್ರಕ್ಕಾಗಿ ತುಳಿದ ಗಿಡ ಆ ವರ್ಷ ಬೀಜ ಬಿಡದು. ದಾರಿಯಲ್ಲಿಯೇ ನಿಂತು ಬಾಗಲು ಬಾರದವನು ಛಾಯಾಗ್ರಾಹಕನೆನಿಸಿಕೊಳ್ಳಲು ಅರ್ಹನಲ್ಲ.

ಹತ್ತಿರದ ಹೂವೂ ದೂರದ ಬೆಟ್ಟವೂ ಏಕಕಾಲದಲ್ಲಿ ಸ್ಪಷ್ಟವಾಗಿ ಮೂಡುವುದೆಂತು ಎಂಬ ಸಂದೇಹ ಬರಬಹುದು. ವಿಶಾಲ ಕೋನದ ಮಸೂರದ ಉಪಕಾರ ಇಲ್ಲಿಯೇ ಇದೆ. 24 ಮಿ.ಮೀ. ಮಸೂರದ ದ್ವಾರವನ್ನು ಎಫ್ 11ಕ್ಕೆ ಕಿರಿದುಗೊಳಿಸಿ ಸುಮಾರು 1.8 ಮೀಟರಿಗೆ ಫೋಕಸ್ ಮಾಡಿದರೆ 0.9 ಮೀಟರಿನಿಂದ ದಿಗಂತದವರೆಗೆ ಎಲ್ಲವೂ ತಕ್ಕಷ್ಟು ಸ್ಪಷ್ಟವಾಗಿರುತ್ತದೆ. 50 ಮಿ.ಮೀ. ಮಸೂರದಲ್ಲಿ ಅದೇ ದ್ವಾರಕ್ಕೆ ಸುಮಾರು 7.6 ಮೀಟರಿಗೆ ಫೋಕಸ್ ಮಾಡಬೇಕಾಗುತ್ತದೆ. ಕಾಲ ಬಳಿಯ ಹೂವು ಆಗ ಮಸುಕಾಗುವುದು. ಇನ್ನೊಂದು ಎಚ್ಚರಿಕೆ: ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡಿದರೆ ಮರಗಳೂ ಗೋಪುರಗಳೂ ಒಳಮುಖವಾಗಿ ವಾಲಿದಂತೆ ಕಾಣುತ್ತವೆ. ಆದುದರಿಂದ ದಿಗಂತವನ್ನು ಸಮವಾಗಿರಿಸುವ ಅಭ್ಯಾಸ ಒಳ್ಳೆಯದು.

ಚಿತ್ರರಚನೆಯಷ್ಟೇ ಮುಖ್ಯವಾದುದು ಬೆಳಕಿನ ಪ್ರಮಾಣ, ಎಂದರೆ ಎಕ್ಸ್‌ಪೋಷರ್. ವಿಶಾಲ ನೋಟದಲ್ಲಿ ಬೆಳಗುವ ಮೋಡವೂ ನೆರಳಿನ ಕಣಿವೆಯೂ ಕೂಡಿಯೇ ಬರುತ್ತವೆ. ನಮ್ಮ ಕಣ್ಣು ಒಂದರಿಂದ ಮತ್ತೊಂದಕ್ಕೆ ಸರಿಯುವಾಗ ಹೊಂದಿಕೊಳ್ಳುತ್ತದೆ. ಕ್ಯಾಮೆರಾಕ್ಕೆ ಆ ಶಕ್ತಿ ಅಷ್ಟಾಗಿ ಇಲ್ಲ. ಡಿಜಿಟಲ್ ಚಿತ್ರದಲ್ಲಿ ಬೆಳಕು ಮಿತಿಮೀರಿ ಬಿಳಿಯಾಗಿ ಹೋದ ಆಕಾಶವನ್ನು ಮತ್ತೆ ತರಲಾಗದು. ಕಪ್ಪಾದ ನೆರಳನ್ನು ಮಾತ್ರ ತಕ್ಕಮಟ್ಟಿಗೆ ಬೆಳಗಿಸಬಹುದು. ಆದುದರಿಂದ ಮೊದಲು ಆಕಾಶವನ್ನು ಕಾಪಾಡಬೇಕು. ಮೊಬೈಲಿನ ಪರದೆಯಲ್ಲಿ ಹೊಳೆಯುವ ಮೋಡದ ಮೇಲೆ ಬೆರಳಿಟ್ಟು ಬೆಳಕನ್ನು ತುಸು ಇಳಿಸಿದರೆ ಕೆಲಸವಾಯಿತು. ನೆಗೆಟಿವ್ ಫಿಲ್ಮಿನ ನೀತಿ ಇದಕ್ಕೆ ವಿರುದ್ಧ. ಅಲ್ಲಿ ನೆರಳನ್ನು ಕಾಪಾಡುವುದೇ ಕ್ರಮ.

ಅಮೆರಿಕದ ಪ್ರಸಿದ್ಧ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೋದ ಹೆರ್ನಾಂಡೆಜ್ ಗ್ರಾಮದ ಮೇಲೆ ಉದಯಿಸಿದ ಚಂದ್ರನ ಚಿತ್ರವನ್ನು ತೆಗೆದನು. ಅದು ವಿಶಾಲ ಕೋನದ ಮಸೂರದ್ದಲ್ಲವಾದರೂ ಬೆಳಕಿನ ಪಾಠಕ್ಕೆ ಅದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ. ಮುಳುಗುವ ಸೂರ್ಯನ ಬೆಳಕು ಸ್ಮಶಾನದ ಶಿಲುಬೆಗಳ ಮೇಲೆ ಬಿದ್ದಿತ್ತು; ಬೆಳಕನ್ನು ಅಳೆಯುವ ಮೀಟರು ಕೈಗೆ ಸಿಗಲಿಲ್ಲ. ಚಂದ್ರನ ಪ್ರಕಾಶ ಚದರ ಅಡಿಗೆ 250 ಕ್ಯಾಂಡಲ್ ಎಂಬ ಲೆಕ್ಕ ಅವನಿಗೆ ನೆನಪಿತ್ತು. ಅದರಿಂದಲೇ ಎಕ್ಸ್‌ಪೋಷರನ್ನು ಗುಣಿಸಿ ಒಂದು ಚಿತ್ರ ತೆಗೆದನು. ಎರಡನೆಯದಕ್ಕೆ ಸಿದ್ಧನಾಗುವಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಆರಿಹೋಯಿತು. ಮುನ್ನೆಲೆ ನೆಗೆಟಿವಿನಲ್ಲಿ ತೆಳುವಾಗಿ ಮೂಡಿದ್ದರಿಂದ ಅವನು ಮುಂದೆ ರಸಾಯನದಿಂದ ಅದಕ್ಕೆ ಪುಷ್ಟಿ ಕೊಡಬೇಕಾಯಿತು. ಕಲಿತ ವಿದ್ಯೆ ಸಮಯಕ್ಕೆ ಒದಗುವುದೆಂದರೆ ಇದೇ.

“ಈಗಿನ ಮೊಬೈಲು ಹಲವು ಚಿತ್ರಗಳನ್ನು ತಾನೇ ಬೆರೆಸಿ ಬೆಳಕನ್ನು ಸರಿಪಡಿಸುತ್ತದೆ, ನಾವೇಕೆ ಕಷ್ಟಪಡಬೇಕು?” ಎಂದು ಕೇಳುವವರಿದ್ದಾರೆ. ಯಂತ್ರದ ಈ ಸಾಮರ್ಥ್ಯವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಎಲ್ಲಿ ನಿಲ್ಲಬೇಕು, ಯಾವುದನ್ನು ಮುಂದಿಡಬೇಕು, ಯಾವ ನೆರಳು ನೆರಳಾಗಿಯೇ ಉಳಿಯಬೇಕು ಎಂಬುದನ್ನು ಯಂತ್ರ ಅರಿಯದು. ಅದನ್ನು ಅರಿಯಬೇಕಾದವರು ನೀವು.

ಈ ಮಾತನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವುಂಟು. ನಗರದಲ್ಲಿ ಬೆಳೆಯುತ್ತಿರುವ ನಿಮ್ಮಲ್ಲಿ ಅನೇಕರು ಅಜ್ಜ ಅಜ್ಜಿಯರ ಊರನ್ನು ಕಾಣುವುದು ಬೇಸಗೆಯ ರಜೆಯಲ್ಲಿ ಮಾತ್ರ. ಉಳಿದ ತಿಂಗಳುಗಳಲ್ಲಿ ಆ ಊರು ನಿಮಗೆ ಉಳಿಯುವುದು ನೆನಪಿನಲ್ಲಿ, ಮತ್ತು ನೀವು ತಂದ ಚಿತ್ರಗಳಲ್ಲಿ. ದೂರದ ಗುಡ್ಡವೊಂದನ್ನೇ ತೆಗೆದು ತಂದರೆ ಅದು ಯಾವ ಊರಿನ ಗುಡ್ಡವಾದರೂ ಆದೀತು. ಅಂಗಳದ ತುಳಸಿಕಟ್ಟೆಯನ್ನೋ ಬಾವಿಕಟ್ಟೆಯನ್ನೋ ಬಣವೆಯನ್ನೋ ಹತ್ತಿರವಿರಿಸಿಕೊಂಡು ಅದರಾಚೆ ಗುಡ್ಡವನ್ನು ತೋರಿಸಿದರೆ ಅದು ನಿಮ್ಮ ಊರಾಗುತ್ತದೆ. ಮುಂದಿನ ರಜೆಯಲ್ಲಿ ನೂರು ಚಿತ್ರಗಳಿಗೆ ಬದಲಾಗಿ ಹತ್ತನ್ನೇ ತೆಗೆಯಿರಿ; ಪ್ರತಿಯೊಂದಕ್ಕೂ ಮುನ್ನ ಒಂದು ಹೆಜ್ಜೆ ಮುಂದಿಟ್ಟು, ಒಮ್ಮೆ ಬಾಗಿ, ಆಕಾಶದ ಬೆಳಕನ್ನು ಗಮನಿಸಿರಿ. ಆ ಹತ್ತು ಚಿತ್ರಗಳಲ್ಲಿ ಊರು ನಿಮ್ಮೊಡನೆ ನಗರಕ್ಕೆ ಬಂದೀತೆಂದು ನಮ್ಮ ನಂಬಿಕೆ.